ಹೆಸರು ಬ್ಯಾಡ, ನಂಬರ್ ಹೇಳು

ವನಮಾಲಾಬಾಯಿ ಎದುರಿಗೆ ಕೂತವರ ಮುಖ ನೋಡುತ್ತಿರಲಿಲ್ಲ. ಬೆರಳು ಕೀಲಿಗಳ ಮೇಲೆ, ಕಣ್ಣು ಕಾಗದದ ಮೇಲೆ, ಬಾಯಲ್ಲಿ ಒಂದೇ ಪ್ರಶ್ನೆ: “ಗಂಡನ ಪಿ.ಎಫ್. ನಂಬರ್ ಎಷ್ಟು?” ಬಳ್ಳಾರಿ ಕೋರ್ಟಿನ ಆವರಣದಲ್ಲಿ, ಬೇವಿನ ಮರದ ಕೆಳಗಿನ ತಗಡಿನ ಚಪ್ಪರದಲ್ಲಿ ಮೂವತ್ತು ವರ್ಷ ಅರ್ಜಿ ಟೈಪ್ ಮಾಡಿದ ಹೆಂಗಸು ಅವರು. ವಿಚ್ಛೇದನದ ಅರ್ಜಿ ತಂದವಳ ಗಂಡ ನೌಕರಿಯಲ್ಲಿದ್ದರೆ, ಆ ನಂಬರನ್ನು ಅವಳು ಬಾಯಿಬಿಟ್ಟು ಹೇಳುವ ತನಕ ಟೈಪ್‌ರೈಟರಿಗೆ ಕಾಗದ ಏರುತ್ತಿರಲಿಲ್ಲ. ಹಳ್ಳಿಯ ಹೆಂಗಸರು ಹೆಸರು ಕೇಳುತ್ತಿದ್ದಾರೆಂದು ತಿಳಿದು ಸೆರಗನ್ನು ಬಾಯಿಗೆ ಇಟ್ಟುಕೊಳ್ಳುತ್ತಿದ್ದರು.

“ಹೆಸರು ಬ್ಯಾಡವಾ, ನಂಬರ್ ಹೇಳು. ಗಂಡನ ಹೆಸರು ಹೇಳಬಾರದು ಅಂತ ಹಿರೇರು ಹೇಳ್ಯಾರ. ನಂಬರ್ ಹೇಳಬಾರದು ಅಂತ ಯಾರೂ ಹೇಳಿಲ್ಲ.”

ನಾನೂ ಹೀಗೇ ಅವರ ಮುಂದೆ ಕೂತವಳು. ಸಿರುಗುಪ್ಪದ ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಗಂಡ ಕಾಲುವೆ ಕಚೇರಿಯಲ್ಲಿ ಗುಮಾಸ್ತ. ಇಪ್ಪತ್ತನಾಲ್ಕು ವರ್ಷ ಸಂಸಾರ ಮಾಡಿದೆವು, ಮಕ್ಕಳಾಗಲಿಲ್ಲ. ನಿವೃತ್ತಿಗೆ ಒಂದೂವರೆ ವರ್ಷ ಇದೆ ಎನ್ನುವಾಗ ಆ ಮನುಷ್ಯನಿಗೆ ಇದ್ದಕ್ಕಿದ್ದಂತೆ ನಾನು ಬೇಡವಾದೆ. “ಇಬ್ಬರೂ ಒಪ್ಪಿ ಡೈವರ್ಸ್ ತಗೊಳ್ಳೋಣ, ಸಿರುಗುಪ್ಪದ ಮನಿ ನಿನಗ ಬಿಟ್ಟೇನಿ” ಎಂದ. ಎರಡು ಕೋಣೆಯ ಮನೆ ಸಿಕ್ಕಿತಲ್ಲ, ಪೀಡೆ ತೊಲಗಿತಲ್ಲ ಎಂದು ನಾನು ಹೂಂ ಅಂದೆ. ಎಂಥ ಪೆದ್ದಿ ನಾನು! ವಕೀಲರು ಕೈಯಲ್ಲಿ ಬರೆದುಕೊಟ್ಟ ಅರ್ಜಿ ಹಿಡಿದು ವನಮಾಲಾಬಾಯಿಯ ಚಪ್ಪರಕ್ಕೆ ಬಂದೆ.

ಬಡಕಲು ಮೈ, ಕಾಸಗಲ ಕುಂಕುಮ, ಮೊಣಕೈ ಮುಚ್ಚುವ ರವಿಕೆ. ದಿನವೂ ಕಾಲ ಬಳಿ ಮನೆಯಿಂದ ತಂದ ನೀರಿನ ತಂಬಿಗೆ. ಹೊರಗಿನ ಚಹಾ ಮುಟ್ಟದ ಮಡಿ ಹೆಂಗಸು. ಏಕಾದಶಿ ದಿನ ಆ ತಂಬಿಗೆಯೂ ಇರುತ್ತಿರಲಿಲ್ಲ, ಅವತ್ತು ಯಾರೂ ಅವರ ಜೊತೆ ವಾದಕ್ಕಿಳಿಯುತ್ತಿರಲಿಲ್ಲ. ನನ್ನ ಗ್ರಹಚಾರಕ್ಕೆ ನಾನು ಹೋದದ್ದು ಏಕಾದಶಿಯಂದೇ.

ಅರ್ಜಿ ಓದಿದರು. ಕಡೆಯ ಸಾಲಿಗೆ ಬಂದಾಗ ಉಗುರಿನಿಂದ ಗೆರೆ ಎಳೆದರು. “ಇನ್ನು ಮುಂದೆ ಪರಸ್ಪರರ ವೇತನ, ಭವಿಷ್ಯನಿಧಿ, ಪಿಂಚಣಿ ಇತ್ಯಾದಿ ಯಾವುದರ ಮೇಲೂ ಯಾವುದೇ ಹಕ್ಕು ಇರುವುದಿಲ್ಲ” ಎಂಬ ಸಾಲು ಅದು. ಎಲ್ಲ ಅರ್ಜಿಗಳ ಬಾಲದಲ್ಲೂ ಇರುತ್ತದಂತೆ.

“ಇದನ್ನ ನಾ ಟೈಪ್ ಮಾಡೂದಿಲ್ಲ.”

“ಯಾಕ್ರಿ? ವಕೀಲ್ರು ಬರೆದಾರ.”

“ಬರೆದವರಿಗೇನು, ಅವರ ಮನಿಗಂಟು ಹೋಗ್ತದೇನು? ನಂಬರ್ ಹೇಳು.”

“ನನಗ ಗೊತ್ತಿಲ್ರಿ.”

“ಇಪ್ಪತ್ತನಾಲ್ಕು ವರ್ಷ ಅವನ ಅಂಗಿ ಒಗದೀ. ಕಿಸೆದಾಗ ಏನದ ಅಂತ ನೋಡಲಿಲ್ಲ?”

ನನಗೆ ಮೈಯೆಲ್ಲ ಉರಿದುಹೋಯಿತು. ಮೂರು ಮಂದಿ ಕಕ್ಷಿದಾರರ ಮುಂದೆ ಹಾಗಂದರೆ! ಅರ್ಜಿ ಕಸಿದುಕೊಂಡು ಎದ್ದೆ. ಬೆನ್ನ ಹಿಂದಿನಿಂದ ಅವರ ದನಿ ಬಂತು: “ಸಿಟ್ಟು ಆಮ್ಯಾಲ ಮಾಡು. ಮೊದಲು ಟ್ರಂಕು ತೆಗೆದು ನೋಡು.”

ಸಿರುಗುಪ್ಪಕ್ಕೆ ಬಂದವಳು ಚಪ್ಪಲಿಯನ್ನೂ ಬಿಡದೆ ಗಂಡನ ಟ್ರಂಕಿಗೆ ಕೈ ಹಾಕಿದೆ. ತಳಕ್ಕೆ ಹಾಸಿದ್ದ ಹಳೆಯ ಪತ್ರಿಕೆಯ ಕೆಳಗೆ ಪಿ.ಎಫ್. ಚೀಟಿಗಳ ಕಟ್ಟು ಸಿಕ್ಕಿತು. ಒಂದು ಚೀಟಿಯಲ್ಲಿದ್ದ ಮೊತ್ತ ನೋಡಿ, ಸೊನ್ನೆ ಹೆಚ್ಚಾಗಿ ಬಿದ್ದಿರಬೇಕೆಂದು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಹಬ್ಬಕ್ಕೊಂದು ಸೀರೆ ಕೇಳಿದರೆ “ರೊಕ್ಕ ಗಿಡದಾಗ ಬಿಡ್ತೈತೇನು?” ಎನ್ನುತ್ತಿದ್ದ ಮನುಷ್ಯ! ಅದರ ಕೆಳಗೆ ಇನ್ನೊಂದು ಫಾರಂ ಇತ್ತು. ತಾನು ಸತ್ತರೆ ಹಣ ಯಾರಿಗೆ ಸೇರಬೇಕೆಂದು ಬರೆದುಕೊಡುವ ಫಾರಂ. ಅದರಲ್ಲಿ ನನ್ನ ಹೆಸರಿರಲಿಲ್ಲ, ಅವನ ತಮ್ಮನ ಮಗನ ಹೆಸರಿತ್ತು. ಸಹಿಯೂ ಆಗಿತ್ತು. ತಾರೀಕು ಮಾತ್ರ ಖಾಲಿ. ಚೀಟಿಗಳನ್ನೂ ಫಾರಮನ್ನೂ ನನ್ನ ಚೀಲಕ್ಕೆ ತುರುಕಿದೆ.

ಮರುದಿನ ಶಾಲೆಗೆ ರಜೆ ಹಾಕಿ ಮೊದಲ ಬಸ್ಸಿಗೇ ಬಳ್ಳಾರಿಗೆ ಬಂದೆ. ನಿಂತಲ್ಲೇ ನಂಬರ್ ಒಪ್ಪಿಸಿದೆ. ವನಮಾಲಾಬಾಯಿ ಮೊದಲ ಸಲ ತಲೆ ಎತ್ತಿ ನನ್ನ ಮುಖ ನೋಡಿದರು. ಫಾರಂ ತೋರಿಸಿದೆ.

“ತಾರೀಕು ಯಾಕ ಬಿಟ್ಟಾನ ಗೊತ್ತಾತೇನು? ಹೆಂಡ್ತಿ ಇರೂತನಕ ಅಣ್ಣತಮ್ಮಂದಿರ ಮಕ್ಕಳ ಹೆಸರು ಹಾಕ್ಲಿಕ್ಕೆ ಬರೂದಿಲ್ಲ. ನಿನ್ನ ಸಹಿ ಬಿದ್ದ ದಿನ ಇದಕ್ಕ ತಾರೀಕು ಬೀಳ್ತದ.”

“ಪೂರಾ ಅರ್ಧ ಕೇಳ್ತೀನ್ರಿ! ಅವನ ಹೊಟ್ಟಿ ಉರೀಲಿ!”

“ಹಂಗಲ್ಲ. ಅವನ ನೌಕರಿ ಎಷ್ಟು ವರ್ಷದ್ದು?”

“ಮೂವತ್ಮೂರು.”

“ನೀ ಬಂದದ್ದು ಒಂಬತ್ತು ವರ್ಷ ಆದಮ್ಯಾಲ. ಆ ಒಂಬತ್ತು ಅವನವು, ಬಿಡು. ನೀ ಅನ್ನ ಮಾಡಿ ಹಾಕಿದ ಇಪ್ಪತ್ತನಾಲ್ಕು ವರ್ಷದಾಗ ಅರ್ಧ ಕೇಳು. ಪಿಂಚಣಿ ಅವನ ಕೈಗೆ ಬರೂಕಿಂತ ಮೊದಲು ಅದಕ್ಕ ಯಾರೂ ಕೈ ಹಾಕ್ಲಿಕ್ಕೆ ಆಗೂದಿಲ್ಲ. ಬಂದಮ್ಯಾಲ ತಿಂಗಳಾ ಇಷ್ಟು ಕೊಡ್ತೀನಿ ಅಂತ ಈಗ ಬರಕೊಡಬಹುದಲ್ಲ? ಇನ್ನ ಅವ ಸತ್ತಮ್ಯಾಲ ಹೆಂಡ್ತಿಗೆ ಬರೂ ಪಿಂಚಣಿ ಅದು ಬ್ಯಾರೆ. ಡೈವರ್ಸ್ ಆದಾಕಿಗೆ ಅದು ಸಿಗೂದಿಲ್ಲ. ಆ ಬಾಗಿಲಾ ಮುಚ್ಚತದ, ಅದಕ್ಕ ಪಿ.ಎಫ್. ಇಡಿಗಂಟಿನಾಗ ಸ್ವಲ್ಪ ಹೆಚ್ಚು ಕೇಳು. ವಕೀಲರಿಗೆ ಹೋಗಿ ಹಿಂಗ ಹೇಳು.”

ನಾನು ಖುಷಿಯಿಂದ ಏಳುವಷ್ಟರಲ್ಲಿ ಮತ್ತೆ ಕೇಳಿದರು: “ನಿನ್ನ ಸಾಲಿಯೊಳಗ ನಿನಗೂ ಪಿ.ಎಫ್. ಹಿಡೀತಾರಲ್ಲ? ಅದನ್ನೂ ಬರಿ.”

“ಅದು ಚೂರುಪಾರು ರೊಕ್ಕರಿ!”

“ಚೂರಾದರೂ ಬರಿ. ಕೇಳ್ಲಿಕ್ಕೆ ಹೋದಾಕಿ ಮುಚ್ಚಿಡಬಾರದು.”

ಗೊಣಗುತ್ತಲೇ ಬರೆಸಿದೆ. ಅವರ ನ್ಯಾಯವೇ ಹಾಗಿತ್ತು. ಕರೂರಿನ ಒಬ್ಬ ಗಂಡಸು ಅಲ್ಲಿ ಅಳುತ್ತಾ ಕೂತದ್ದನ್ನು ನಾನೇ ಕಂಡಿದ್ದೇನೆ. ಹೆಂಡತಿ ನರ್ಸು. ಇವನು ಹನ್ನೆರಡು ವರ್ಷ ಮನೆಯಲ್ಲಿದ್ದು ಮಕ್ಕಳನ್ನು ಸಾಕಿದವನು. ಪಕ್ಕದ ಬೆಂಚಿನವರು ಮುಸಿಮುಸಿ ನಕ್ಕರು. “ನಗಬ್ಯಾಡ್ರಿ. ಒಲಿ ಮುಂದ ಕುಂತವ್ರು ಗಂಡಸಾದ್ರೂ ಹೊಗಿ ಒಂದ” ಎಂದು ಗದರಿ ಅವನಿಗೂ ಕೇಳಿದರು: “ಹೆಂಡ್ತಿ ನಂಬರ್ ಎಷ್ಟಪಾ?”

ನನ್ನ ಗಂಡ ಕುಣಿದಾಡಿದ. ಕೊನೆಗೆ ಆ ಖಾಲಿ ತಾರೀಕಿನ ಫಾರಂ ನ್ಯಾಯಾಧೀಶರ ಮುಂದೆ ಬರುತ್ತದೆಂದು ಗೊತ್ತಾದ ಮೇಲೆ ತೆಪ್ಪಗೆ ಸಹಿ ಹಾಕಿದ. ಅವನು ನಿವೃತ್ತನಾಗಿ, ಮೊದಲ ತಿಂಗಳ ಹಣ ನನ್ನ ಖಾತೆಗೆ ಬಂದ ದಿನ, ಒಂದು ಚಿಪ್ಪು ಬಾಳೆಹಣ್ಣು ಹಿಡಿದು ವನಮಾಲಾಬಾಯಿಯನ್ನು ನೋಡಲು ಹೋದೆ. ಅದೇ ಕಡೆಯ ಭೇಟಿಯಾಗುತ್ತದೆಂದು ನನಗೇನು ಗೊತ್ತು?

ಅವರ ಮುಂದೆ ಕುರುಗೋಡಿನ ಒಬ್ಬ ಹೆಂಗಸು ಕೂತಿದ್ದಳು. ನಲವತ್ತೈದರ ಆಸುಪಾಸು, ಬೋಳು ಹಣೆ, ಬರಿಗೈ. ನಿವೃತ್ತಿಗೆ ಮೂರೇ ತಿಂಗಳಿದ್ದಾಗ ಗಂಡ ತೀರಿಕೊಂಡನಂತೆ. ಕುಟುಂಬ ಪಿಂಚಣಿಗೆ ಅರ್ಜಿ ಆಗಬೇಕಿತ್ತು.

“ಗಂಡನ ಹೆಸರು?” ಎಂದರು ವನಮಾಲಾಬಾಯಿ. ನಂಬರ್ ಕೇಳಲು ಅದು ವಿಚ್ಛೇದನದ ಅರ್ಜಿ ಅಲ್ಲವಲ್ಲ.

ಅವಳು ಹೆಸರು ಹೇಳಲಿಲ್ಲ. ಸತ್ತ ಗಂಡನ ಹೆಸರಾದರೂ ಬಾಯಿಗೆ ಬರಲೊಲ್ಲದು. ಮರಣ ಪ್ರಮಾಣಪತ್ರ ತೆಗೆದು ಮೇಜಿನ ಮೇಲಿಟ್ಟಳು.

ವನಮಾಲಾಬಾಯಿ ಅದನ್ನು ಓದಿದರು. ಕೈ ಕೀಲಿಗಳ ಮೇಲೆಯೇ ನಿಂತುಬಿಟ್ಟಿತು. ಬಿಸಿಲು ಹತ್ತಿತೇನೋ ಎಂದು ನಾನು ನನ್ನ ಚೀಲದ ನೀರಿನ ಬಾಟಲಿ ತೆಗೆದು ಮುಂದೆ ಹಿಡಿದೆ. ಬೇಡವೆಂದು ಕೈ ಆಡಿಸಿದರು. ಆಮೇಲೆ ಹೊಸ ಕಾಗದ ಏರಿಸಿ ಶುರು ಮಾಡಿದರು. ಹುಟ್ಟಿದ ದಿನ, ಕೆಲಸಕ್ಕೆ ಸೇರಿದ ದಿನ, ಮೊದಲು ಸೇರಿದ ಊರು, ಪಿ.ಎಫ್. ನಂಬರ್. ಒಂದನ್ನೂ ಕೇಳಲಿಲ್ಲ. ಒಂದಕ್ಕೂ ತಡವರಿಸಲಿಲ್ಲ.

ಆ ಹೆಂಗಸು ತನ್ನ ಚೀಲದಿಂದ ಹಳೆಯ ಕಾಗದ ತೆಗೆದು ತಾಳೆ ನೋಡಿ ದಂಗಾದಳು. “ಇದೆಲ್ಲಾ ನಿಮಗ ಹೆಂಗ ಗೊತ್ತೈತ್ರಿ ಅಕ್ಕಾರ?”

“ಭಾಳ ವರ್ಷದಿಂದ ಇಲ್ಲೇ ಇದ್ದೀನವಾ. ಎಲ್ಲಾರ ಕಾಗದಾ ನನ್ನ ಕೈಯೊಳಗ ಹಾದು ಹೋಗ್ಯಾವ. ನಂಬರ್ ಬಾಯಿಪಾಠ ಮಾಡ್ಕೋ. ಕಚೇರಿಯೊಳಗ ಕಾಗದಾ ಕಳೀತಾರ. ಹೇಳು ನೋಡೋಣ.”

ಅವರು ಒಂದೊಂದು ಅಂಕಿ ಹೇಳಿದರು. ಅವಳು ಒಂದೊಂದಾಗಿ ಹಿಂದೆ ಹೇಳಿದಳು. ಮೂರು ಸಲ ಹೇಳಿಸಿದರು. ಮಾಮೂಲಿ ಕೂಲಿ ತಗೊಂಡು ಕಳಿಸಿದರು.

ಅವಳು ಗೇಟು ದಾಟಿದಳು. ಅವರೇ ಮಾತು ತೆಗೆದರು.

“ನಾನೂ ಕುರುಗೋಡಿನ ಸೊಸೀನ. ಹದಿನಾಲ್ಕು ವರ್ಷ ಇದ್ದೆ ಅವರ ಮನಿಯೊಳಗ.”

“ಅಯ್ಯೋ ದೇವರೇ! ಅಂದ್ರ ಆಕಿ ಗಂಡ ನಿಮ್ಮ...”

“ಹೂಂ. ನಮ್ಮ ಡೈವರ್ಸ್ ಅರ್ಜಿ ಟೈಪ್ ಮಾಡಿದಾಕಿ ನಾನ. ಬ್ಯಾರೆಯವರಿಗೆ ಯಾಕ ಕೂಲಿ ಕೊಡಬೇಕು ಅಂತ. ನೂರಾರು ಅರ್ಜಿ ಹೊಡದು ಆ ಕಡೀ ಸಾಲು ಬಾಯಿಪಾಠ ಆಗಿತ್ತು ನೋಡು. ವಕೀಲರು ಅದನ್ನ ಬರೆದೇ ಇರಲಿಲ್ಲ. ಬೆರಳು ತಾವ ಹೊಡದ್ವು. ಸಹಿ ಮಾಡುವಾಗ ಓದಲೂ ಇಲ್ಲ. ನಾನ ಟೈಪ್ ಮಾಡಿದ್ದಲ್ಲ, ಅದರಾಗ ಓದೂದೇನು ಅಂತ.”

ಊರಿನವರ ಹಕ್ಕಿಗೆಲ್ಲ ಕಾವಲು ಕೂತವರು, ತಮ್ಮ ಹಕ್ಕನ್ನು ತಮ್ಮ ಬೆರಳಿನಿಂದಲೇ ಅಳಿಸಿಕೊಂಡಿದ್ದರು. ಐವತ್ತೆಂಟರ ವಯಸ್ಸಿನಲ್ಲಿ ತಗಡಿನ ಕೆಳಗೆ ಬೇಯುವ ಕರ್ಮ ಅದಕ್ಕೇ. “ಆಕೀಗೆ ಹೇಳಬೇಕಿತ್ತು ನೀವು” ಎಂದೆ, ಅಳು ತಡೆಯಲಾಗದೆ.

“ಆಕೀದೇನು ತಪ್ಪದ? ಆಕಿ ಪಾಲು ಆಕೀಗೆ ಬರಬೇಕು. ಬಾಳೆಹಣ್ಣು ಇಟ್ಟು ಹೋಗು, ನಾಳೆ ದ್ವಾದಶಿ, ದೇವರಿಗೆ ಬೇಕಾಗ್ತದ.”

ನಾಲ್ಕು ತಿಂಗಳ ಮೇಲೆ ಮತ್ತೆ ಬಳ್ಳಾರಿಗೆ ಹೋದಾಗ ಚಪ್ಪರ ಇತ್ತು, ಮೇಜಿರಲಿಲ್ಲ. ಹಿಂದಿನ ವಾರ ಟೈಪ್ ಮಾಡುತ್ತಲೇ ಮೇಜಿನ ಮೇಲೆ ತಲೆಯಿಟ್ಟವರು ಏಳಲಿಲ್ಲ ಎಂದು ಪಕ್ಕದ ನೋಟರಿ ಹೇಳಿದರು. ನಂಬಲಾಗದೆ ಬೇವಿನ ಕಟ್ಟೆಯ ಕಡೆ ತಿರುಗಿದೆ. ಕುರುಗೋಡಿನ ಆ ಹೆಂಗಸು ಅಲ್ಲಿ ಕೂತಿದ್ದಳು, ಮಡಿಲಲ್ಲಿ ಹಣ್ಣಿನ ಚೀಲ, ಕಣ್ಣು ಕೆಂಪಾಗಿತ್ತು.

“ಪಿಂಚಣಿ ಶುರುವಾತ್ರಿ ಅಕ್ಕ. ಹೇಳಿ ಹೋಗಾಕ ಬಂದಿದ್ದೆ” ಎಂದಳು. “ಪಾಪ, ಇವರಿಗೆ ತಮ್ಮವರು ಅಂತ ಯಾರೂ ಇರಲಿಲ್ಲೇನ್ರಿ?”

ಸತ್ಯ ನಾಲಗೆಯ ತುದಿಗೇ ಬಂದಿತ್ತು. ನುಂಗಿಕೊಂಡೆ.

“ಅವರು ಕಲಿಸಿದ ನಂಬರ್ ನೆನಪೈತೇನವ್ವಾ?” ಎಂದು ಕೇಳಿದೆ.

ಅವಳು ಕಣ್ಣು ಒರೆಸಿಕೊಂಡು ಹೇಳಿದಳು. ಒಂದು ಅಂಕಿಯೂ ತಪ್ಪಲಿಲ್ಲ.