ಯಂತ್ರ ಕಾಯುತ್ತಿದ್ದ ಬೆನೆಡಿಕ್ಟ್

ದುಬೈಯ ಕರಾಮದ ಫ್ಲ್ಯಾಟಿನಲ್ಲಿ ನನ್ನ ಜೊತೆ ಒಂದೇ ಕೋಣೆಯಲ್ಲಿದ್ದವರು ಶಿರ್ವದ ಬೆನೆಡಿಕ್ಟ್ ಕ್ವಾಡ್ರಸ್. ನನಗಿಂತ ಬಹಳ ದೊಡ್ಡವರು. ನಮ್ಮ ಉಡುಪಿ ಕಡೆ ಕ್ರೈಸ್ತರನ್ನು ಕರೆಯುವ ರೂಢಿಯಂತೆ ನಾನು ಅವರನ್ನು ಪೊರ್ಬುಗಳೇ ಎಂದು ಕರೆಯುತ್ತಿದ್ದೆ. ಅವರಿಗೆ ನಾನು ಬರೀ ಮೋಹನ. ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು ಎನ್ನುವ ಮನುಷ್ಯನ ಜೊತೆ ಬದುಕುವುದು ನನ್ನಂಥ ಬಾಯಿಬಡುಕನ ಹಣೆಯಲ್ಲಿ ಬರೆದಿತ್ತು.

ಅವರು ಒಂದು ಟ್ರೇಡಿಂಗ್ ಕಂಪೆನಿಯಲ್ಲಿ ಕಂಪ್ಯೂಟರ್ ಆಪರೇಟರ್. ಹಾಗೆಂದರೆ ಕೂತು ಟೈಪ್ ಮಾಡುವುದು ಎಂದು ಈಗಿನವರು ತಿಳಿಯುತ್ತಾರೆ. ಇವರದು ಕೋಣೆ ತುಂಬುವ ಮೇನ್‌ಫ್ರೇಮ್ ಕಾಲದ ಕೆಲಸ. ಮುಂಬಯಿಯಲ್ಲಿ ತೂತು ಹೊಡೆದ ಕಾರ್ಡುಗಳನ್ನು ಯಂತ್ರಕ್ಕೆ ಉಣಿಸಿ ಕಲಿತವರು. ದುಬೈಗೆ ಬಂದ ಮೇಲೆ ಟೇಪಿನ ಚಕ್ರ ಏರಿಸುವುದು, ಇಳಿಸುವುದು, ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ ಬಿಡಿಸುವುದು. ಹೊರಗೆ ಸುಡುವ ಬಿಸಿಲು, ಒಳಗೆ ಸ್ವೆಟರು! ಎ.ಸಿ. ನಿಂತರೆ ಯಂತ್ರ ಕಾದು ಕೆಟ್ಟುಹೋಗುತ್ತಿತ್ತು. ಆದ್ದರಿಂದ ಆಪರೇಟರು ಕಿವಿ ತೆರೆದುಕೊಂಡೇ ಕೂತಿರಬೇಕು, ಎ.ಸಿ.ಯ ಸದ್ದು ನಿಂತ ಕೂಡಲೇ ಕೈಯಲ್ಲಿದ್ದದ್ದನ್ನು ಬಿಟ್ಟು ಹೊರಗೆ ಎ.ಸಿ.ಯ ಯಂತ್ರಗಳಿದ್ದ ಪ್ಲ್ಯಾಂಟ್ ರೂಮಿಗೆ ಓಡಬೇಕು. ಯೋಚನೆಯೆಲ್ಲ ಆಮೇಲೆ. ನಮ್ಮ ಕೋಣೆಯ ಮುದಿ ಎ.ಸಿ. ಸುಮ್ಮನಾದರೂ ಅವರು ಊಟದ ತಟ್ಟೆ ಬಿಟ್ಟು ಏಳುತ್ತಿದ್ದರು. ಫ್ಲ್ಯಾಟಿನವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ಕಂಪೆನಿಯ ಕೆಲಸವೆಲ್ಲ ಹೊಸ ಕಂಪ್ಯೂಟರುಗಳಿಗೆ ಹೋದ ಮೇಲೂ ಹಳೆಯ ಲೆಕ್ಕಕ್ಕೆ ಬೇಕೆಂದು ಆ ಯಂತ್ರವನ್ನು ಉಳಿಸಿಕೊಂಡಿದ್ದರು, ಅದರ ಜೊತೆಗೆ ಇವರನ್ನೂ. ಉಳಿದವರು ಮೇಲಿನ ಮಹಡಿ ಸೇರಿದರು. ಇವರು ಇಡೀ ದಿನ ಒಬ್ಬರ ಮುಖವನ್ನೂ ಕಾಣದೆ ಆ ಚಳಿಯಲ್ಲಿ ಕೂತು ಬರುತ್ತಿದ್ದರು. ಹೆಂಡತಿ ಬೆಟ್ಟಿ ಎಂದೋ ತೀರಿಹೋಗಿದ್ದರು. 2014ರಲ್ಲಿ ಯಂತ್ರವೂ ಖಲಾಸ್ ಆಯಿತು. ಕೆಲಸದ ಜೊತೆ ವೀಸಾ ಕೂಡ ಮುಗಿಯುತ್ತದೆ. ಊರಿನಲ್ಲಿ ತಮ್ಮವರೆಂದು ಯಾರೂ ಇರಲಿಲ್ಲ. ಇದ್ದವಳು ದುಬೈಯಲ್ಲೇ ಡಿಸ್ಕವರಿ ಗಾರ್ಡನ್ಸ್ ಬಡಾವಣೆಯಲ್ಲಿದ್ದ ಮಗಳು ಸ್ಟೇಸಿ ಒಬ್ಬಳೇ.

ಮಗಳೇ ಕರೆದಳು. ಅಳಿಯ ಶರ್ವಿನ್ ವೀಸಾ ಮಾಡಿಸುತ್ತಾನೆ, ಪಪ್ಪಾ ಮಗುವನ್ನು ನೋಡಿಕೊಂಡರೆ ತಾನು ಮತ್ತೆ ಕೆಲಸಕ್ಕೆ ಹೋಗಬಹುದು ಎಂದಳು.

"ಮೋಹನಾ, ನಂಗೆ ಹೊಸ ಕೆಲಸ ಸಿಕ್ಕಿತು ಮಾರಾಯ," ಎಂದರು ಬೆನೆಡಿಕ್ಟ್.

"ಈ ಪ್ರಾಯದಲ್ಲಿ ಎಂತ ಕೆಲಸ ಪೊರ್ಬುಗಳೇ?"

"ಪುಳ್ಳಿಯನ್ನು ನೋಡಿಕೊಳ್ಳುವುದು!"

ಅವರು ಬಾಯಿತುಂಬ ನಕ್ಕದ್ದನ್ನು ನಾನು ಕಂಡದ್ದು ಅಂದೇ. ಮರುವಾರ ಅವರ ಪೆಟ್ಟಿಗೆಯನ್ನು ನಾನೇ ಟ್ಯಾಕ್ಸಿಗೆ ಹಾಕಿದೆ. ಕೋಣೆ ಪೂರ್ತಿ ನನ್ನದಾಯಿತೆಂದು ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಲಿ.

ಮುಂದಿನದ್ದು ಅವರೇ ಹೇಳಿದ್ದು. ಒಂದು ಶುಕ್ರವಾರ ಮಧ್ಯಾಹ್ನ ಮಗು ಮಲಗಿತ್ತು. ಸ್ಟೇಸಿ ಮತ್ತು ಶರ್ವಿನ್ ಬೆನೆಡಿಕ್ಟರನ್ನು ಕಾವಲಿಗೆ ಬಿಟ್ಟು ಸಾಮಾನು ತರಲು ಹೋದರು. ಇವರು ತೊಟ್ಟಿಲ ಬಳಿಯೇ ಕೂತಿದ್ದರು. ಅಷ್ಟರಲ್ಲಿ ಎ.ಸಿ. ನಿಂತಿತು. ಅಷ್ಟೇ! ಬರಿಗಾಲಿನಲ್ಲಿ ಹೊರಗೆ ಓಡಿದರು. ಕಾರಿಡಾರಿನ ಕೊನೆಯವರೆಗೆ ಪ್ಲ್ಯಾಂಟ್ ರೂಮು ಹುಡುಕಿದ ಮೇಲೆ, ಇದು ಆಫೀಸಲ್ಲ ಎಂದು ಹೊಳೆಯಿತು. ತಿರುಗಿ ಬಂದರೆ ಬಾಗಿಲು ತಾನಾಗಿ ಮುಚ್ಚಿ ಲಾಕ್ ಬಿದ್ದಿತ್ತು. ಕೀಲಿ ಒಳಗೆ, ಫೋನೂ ಒಳಗೆ. ಜುಲೈ ತಿಂಗಳ ಸೆಕೆ. ಮಗು ಎದ್ದು ಅಳತೊಡಗಿತು. ಇವರು ಬಾಗಿಲು ಗುದ್ದಿದರು, ಕೂಗಿದರು. ವಾಚ್‌ಮನ್ ಅಬ್ದುಲ್ಲ ಓಡಿ ಬಂದ. ಅವನ ಬಳಿ ಬೇರೆ ಕೀಲಿ ಇರಲಿಲ್ಲ, ಸ್ಟೇಸಿಗೆ ಫೋನ್ ಮಾಡಿದ. ಅವಳು ಬರುವ ಹೊತ್ತಿಗೆ ಒಳಗಿನ ಅಳು ನಿಂತುಹೋಗಿತ್ತು.

ಮಗುವಿಗೆ ಏನೂ ಆಗಿರಲಿಲ್ಲ. ಅತ್ತು ಅತ್ತು ಬೆವರಿನಲ್ಲೇ ನಿದ್ದೆ ಹೋಗಿತ್ತು. ಸ್ಟೇಸಿ "ಇಟ್ಸ್ ಓಕೆ ಪಪ್ಪಾ" ಎಂದಳಂತೆ. ಮತ್ತೆ ಆ ಮಾತೇ ಎತ್ತಲಿಲ್ಲವಂತೆ.

ಕೆಲವೇ ದಿನಗಳಲ್ಲಿ ಪೆಟ್ಟಿಗೆ ಹೊತ್ತು ಕರಾಮಕ್ಕೆ ಬಂದ ಅವರು ಊರಿಗೆ ಹೋಗುತ್ತೇನೆ ಎಂದಾಗ ನನಗೆ ಸಿಟ್ಟು ನೆತ್ತಿಗೇರಿತು.

"ಮಗಳು ಹೋಗಿ ಅಂತ ಹೇಳಿದ್ಳಾ? ಇಲ್ವಲ್ಲ! ವೀಸಾ ಮಾಡಿಸ್ತೇವೆ ಅಂತ ಈಗಲೂ ಹೇಳ್ತಿದ್ದಾರೆ. ಮತ್ತೆಂತ ನಿಮ್ಮದು?"

"ಅವಳು ಬೈಲಿಲ್ಲ ಮೋಹನ. ಬೈದಿದ್ರೆ ಇರ್ತಿದ್ದೆ," ಎಂದರು. "ಈಗ ಕಸ ಬಿಸಾಡ್ಲಿಕ್ಕೆ ಹೋಗುವಾಗಲೂ ಮಗುವನ್ನು ಎತ್ತಿಕೊಂಡೇ ಹೋಗ್ತಾಳೆ. ನಾನು ಅಲ್ಲೇ ಸೋಫಾದಲ್ಲಿ ಕೂತಿರ್ತೇನೆ," ಎಂದರು.

ಹೆದರಿದ ತಾಯಿ, ನಾಲ್ಕು ದಿನ ಕಳೆದರೆ ಎಲ್ಲ ಸರಿಹೋಗುತ್ತದೆ ಎಂದು ನಾನು ವಾದಿಸಿದೆ. ಅವರು ಕೇಳಲಿಲ್ಲ.

ಏರ್‌ಪೋರ್ಟಿಗೆ ನಾನೂ ಹೋಗಿದ್ದೆ. ಸ್ಟೇಸಿ ಅಳುತ್ತಿದ್ದಳು. ಹೋಗಬೇಡಿ ಪಪ್ಪಾ ಎಂದು ಅವರ ತೋಳು ಹಿಡಿದು ಮತ್ತೆ ಮತ್ತೆ ಹೇಳಿದಳು. ಅದು ಬಾಯಿಮಾತಲ್ಲ ಎಂದು ಯಾರಿಗಾದರೂ ಗೊತ್ತಾಗುತ್ತಿತ್ತು. ಅವರು ಉಳಿದೇ ಬಿಡುತ್ತಾರೆ ಎಂದು ನನಗೂ ಆಸೆ ಹುಟ್ಟಿತು. ಕೊನೆಗೆ ಅವಳು ಮಗುವನ್ನು ತಾನಾಗಿ ಅವರ ತೋಳಿಗೆ ಕೊಟ್ಟಳು. ಬೆನೆಡಿಕ್ಟ್ ಮಗುವನ್ನು ಎದೆಗೊತ್ತಿಕೊಂಡರು. ಸ್ಟೇಸಿ ಒಂದು ಕೈಯಲ್ಲಿ ಕಣ್ಣೊರೆಸಿಕೊಂಡಳು. ಇನ್ನೊಂದು ಕೈಯನ್ನು ಮಗುವಿನ ಬೆನ್ನಿನ ಮೇಲಿಂದ ತೆಗೆಯಲೇ ಇಲ್ಲ.