ತಂಪು ನೀರಿನ ಪಾಠ

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ನಮ್ಮ ರಾಯಚೂರಿನ ಹೈಸ್ಕೂಲಿನಲ್ಲಿ ಭೌತಶಾಸ್ತ್ರವನ್ನು ಉರ್ದುವಿನಲ್ಲಿ ಕಲಿಸುತ್ತಿದ್ದರು. ದೇವದುರ್ಗದ ಕಡೆಯಿಂದ ಬಂದ ನನಗೆ ಉರ್ದುವೂ ಹೊಸದು, ಶಾಸ್ತ್ರವೂ ಹೊಸದು. ನಾವು ಊರ ಹೊರಗಿನ ಕೇರಿಯವರು, ಅಪ್ಪ ಅವ್ವ ಇಬ್ಬರದೂ ಕೂಲಿ. ಉರ್ದು, ಶಾಸ್ತ್ರ ಎರಡನ್ನೂ ನನ್ನ ತಲೆಗೆ ಹತ್ತಿಸಿದವರು ಮಾನ್ವಿಯಿಂದ ಬಂದಿದ್ದ ವೈಷ್ಣವ ಮಾಸ್ತರು. ಅವರನ್ನು ದೇವರೆಂದೇ ತಿಳಿದಿದ್ದೆ. ಈಗ ದೇವರ ಮೇಲೂ ಅಷ್ಟು ನಂಬಿಕೆಯಿಲ್ಲ, ಆ ಮಾತು ಬೇರೆ.

ನಾನು ಮ್ಯಾಟ್ರಿಕ್ ಮುಗಿಸಿದ ವರ್ಷ ವಜೀಫಾದ ಸುದ್ದಿ ಬಂತು. ವಿದ್ಯಾರ್ಥಿವೇತನಕ್ಕೆ ಆಗ ನಾವು ಹಾಗೆನ್ನುತ್ತಿದ್ದೆವು. ಹೈದರಾಬಾದಿನಲ್ಲಿ ಓದಿಸಿ, ಭೌತಶಾಸ್ತ್ರದ ಮಾಸ್ತರಾಗಲು ತರಬೇತಿ ಕೊಟ್ಟು, ನೌಕರಿಯನ್ನೂ ಕೊಡುತ್ತಾರೆ. ನಮ್ಮ ಶಾಲೆಗೆ ಒಂದೇ. ಪರೀಕ್ಷಿಸಲು ಬರುವ ಸಾಹೇಬರ ಮುಂದೆ ಒಂದು ಪಾಠ ಮಾಡಿ ತೋರಿಸಬೇಕು. ಅದು ಸಿಗದಿದ್ದರೆ ನನ್ನ ಪಾಲಿಗೆ ಅಪ್ಪನ ಗುದ್ದಲಿ ಕಾದೇ ಇತ್ತು.

ನಾನು ಆರಿಸಿಕೊಂಡದ್ದು ನಮ್ಮವ್ವನ ಉಪಾಯ. ಹೊಲಕ್ಕೆ ಹೋಗುವಾಗ ಅವ್ವ ಹಿತ್ತಾಳೆ ತಂಬಿಗೆಗೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ತೂಗುಹಾಕುತ್ತಿದ್ದಳು. ಬಟ್ಟೆಯ ನೀರು ಆವಿಯಾಗುತ್ತ ಒಳಗಿನ ನೀರಿನ ಕಾವು ಕಳೆಯುತ್ತಿತ್ತು. ಎರಡು ತಂಬಿಗೆ ಇಟ್ಟು, ಒಂದಕ್ಕೆ ಮಾತ್ರ ಬಟ್ಟೆ ಸುತ್ತಿ, ಪಾಠದ ಕೊನೆಯಲ್ಲಿ ಎರಡರ ನೀರನ್ನೂ ಸಾಹೇಬರಿಗೇ ಕುಡಿಯಲು ಕೊಡುವುದೆಂದು ಯೋಚಿಸಿದ್ದೆ.

“ಭಾಳ ಛಲೋ ಅದ. ರಾಯಚೂರಿನ ಬಿಸಿಲಾಗ ತಂಪು ನೀರು ಕೊಟ್ಟಂವನ್ನ ಯಾರು ಮರೀತಾರ? ತಂಬಿಗಿ ಮಾತ್ರ ನಿಮ್ಮ ಮನಿಯಿಂದ ತಗೊಂಡು ಬಾ” ಎಂದರು ಮಾಸ್ತರು.

ಅವ್ವ ಮನೆಯಲ್ಲಿದ್ದ ಎರಡೂ ತಂಬಿಗೆ ಕೊಟ್ಟು ಕಳಿಸಿದಳು. ದಿನಾ ಸಂಜೆ ಶಾಲೆಯ ಪಡಸಾಲೆಯಲ್ಲಿ ಅಭ್ಯಾಸ. ಮಾಸ್ತರ ಅಕ್ಕನ ಮಗ, ನನ್ನ ತರಗತಿಯವನೇ, ಕೂತು ನೋಡುತ್ತಿದ್ದ. ಪಾಠ ಮುಗಿದ ಮೇಲೆ ಮಾಸ್ತರು ನೀರಿನಲ್ಲಿ ಥರ್ಮಾಮೀಟರ್ ಇಳಿಬಿಟ್ಟು ನೋಡಿ, “ಶಹಬ್ಬಾಸ್. ನೀರು ಆ ಬೇವಿನ ಸಸಿಗೆ ಹಾಕು” ಎನ್ನುತ್ತಿದ್ದರು. ಗಿಡದ ಮೇಲೂ ಎಷ್ಟು ಕರುಣೆ ಇವರಿಗೆ ಎಂದುಕೊಳ್ಳುತ್ತಿದ್ದೆ.

ಸಾಹೇಬರು ಬಂದ ದಿನ ಬೆಳಗಾಗುತ್ತಲೇ ತಂಬಿಗೆಗೆ ಬಟ್ಟೆ ಸುತ್ತಿ ಕಿಟಕಿಯ ಗಾಳಿಗೆ ಇಟ್ಟೆ. ಮಾಸ್ತರು ಪಕ್ಕಕ್ಕೆ ಕರೆದರು.

“ನೀರಿನ ಪಾಠ ನಮ್ಮ ಹುಡುಗ ಮಾಡ್ತಾನ. ನೀ ಲೋಲಕದ್ದು ಮಾಡು.”

“ಯಾಕ್ರೀ ಸರ? ನಾ ಅದನ್ನ ಕಲ್ತೇ ಇಲ್ಲಲ್ರಿ.”

“ನಿನ್ನ ಕೈಯಾಗಿನ ನೀರು ಸಾಹೇಬ್ರು ಕುಡೀತಾರೇನು? ಪಾಠನೇ ಹಾಳಾಗ್ತದ. ನಿನ್ನ ಒಳ್ಳೇದಕ್ಕ ಹೇಳ್ಲಿಕ್ಕತ್ತೀನಿ.”

ಅಕ್ಕನ ಮಗ ಹೊಸ ತಂಬಿಗೆ ತಂದಿದ್ದ. ನನ್ನ ಮಾತುಗಳನ್ನೇ, ನಾನು ನಗಿಸುವಲ್ಲೇ ನಗಿಸುತ್ತ ಒಪ್ಪಿಸಿದ. ಸಾಹೇಬರು ನೀರು ಕುಡಿದು ತಲೆದೂಗಿದರು. ಕೊನೆಗೆ ನನ್ನ ಸರದಿ. ದಾರಕ್ಕೆ ಕಲ್ಲು ಕಟ್ಟಿ ತೂಗಿಸಿದೆ. ಕಲ್ಲು ತನ್ನ ಪಾಡಿಗೆ ತೂಗಿತು, ನನ್ನ ನಾಲಿಗೆ ಮಾತ್ರ ಅಲುಗಲಿಲ್ಲ.

ಪಾಠ ಮುಗಿಯಿತೆಂದು ಸಾಹೇಬರು ಎದ್ದರು, ಬೆವರು ಒರೆಸಿಕೊಂಡರು, ಕಿಟಕಿಯಲ್ಲಿದ್ದ ತಂಬಿಗೆ ನೋಡಿ ನೀರು ಕೊಡೆಂದರು. “ಬೇರೆ ತರಿಸ್ತೀನಿ” ಎಂದು ಮಾಸ್ತರು ಧಾವಿಸುವಷ್ಟರಲ್ಲಿ ನಾನು ಕೊಟ್ಟಾಗಿತ್ತು, ಅವರು ಗಟಗಟನೆ ಕುಡಿದಾಗಿತ್ತು.

“ಇದು ಅದಕ್ಕಿಂತ ತಂಪಾಗಿದೆ. ಯಾರು ಕಲಿಸಿದರು?” ಎಂದು ಉರ್ದುವಿನಲ್ಲಿ ಕೇಳಿದರು.

ನಮ್ಮ ತಾಯಿ ಎಂದೆ.

“ಮತ್ತೆ ಈ ಪಾಠವನ್ನೇ ಏಕೆ ಮಾಡಲಿಲ್ಲ?”

ಮಾಸ್ತರ ಕಡೆ ನೋಡಿದೆ. ಅವರು ಕರಿಹಲಗೆ ಒರೆಸುತ್ತಿದ್ದರು. ಅದರ ಮೇಲೆ ಏನೂ ಬರೆದಿರಲಿಲ್ಲ.

ವಜೀಫಾ ಅಕ್ಕನ ಮಗನಿಗೆ ಹೋಯಿತು. “ನಂಬಿದ ಎಮ್ಮಿ ಕ್ವಾಣ ಈತು, ಬಿಡು ತಮ್ಮಾ” ಎಂದಳು ಅವ್ವ. ನನಗೆ ಬಿಡಲಾಗಲಿಲ್ಲ. ಆದರೂ ಗುರುವಿನ ಮೇಲೆ ತಪ್ಪು ಹೊರಿಸಲು ಮನಸ್ಸು ಒಪ್ಪದೆ, ಸಾಹೇಬರು ಕುಡಿಯಲಿಕ್ಕಿಲ್ಲವೆಂದು ಪಾಪ ಅವರು ನಿಜವಾಗಿಯೂ ಹೆದರಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ಬಿಟ್ಟು ಬಂದಿದ್ದ ತಂಬಿಗೆಗಳನ್ನು ತರಲು ಕೆಲವು ದಿನಗಳ ಮೇಲೆ ಶಾಲೆಗೆ ಹೋದೆ. ಬಿಸಿಲಿಗೆ ಅಂಗಳದ ಗಿಡಗಳೆಲ್ಲ ಒಣಗಿ ನಿಂತಿದ್ದವು. ಬೇವಿನ ಸಸಿಯೊಂದೇ ಚಿಗುರಿತ್ತು. ಅದಕ್ಕೆ ಬಿದ್ದದ್ದು ನಾನು ದಿನಾ ತಂಪು ಮಾಡಿದ ನೀರು. ಅಂಥ ಸೆಕೆಯಲ್ಲೂ ಮಾಸ್ತರು ಅದರಲ್ಲಿ ಒಂದು ಗುಟುಕೂ ಕುಡಿದಿರಲಿಲ್ಲ.