ಅಪ್ಪ ‘ಕಾದು’ ಎನ್ನದ ದಿನ

ಅಪ್ಪ ಯುದ್ಧವಿಮಾನಗಳ ಮೆಕ್ಯಾನಿಕ್ ಆಗಿದ್ದರು. ಮೊಳಕಾಲ್ಮೂರಿನ ನೇಕಾರರ ಮನೆಯಲ್ಲಿ ಹುಟ್ಟಿ, ಮಗ್ಗದ ಗುಂಡಿಗೆ ಇಳಿಯಲೊಲ್ಲದೆ ವಾಯುಪಡೆ ಸೇರಿದವರು. ಎಂಜಿನ್ನಿಗೆ ಗಾಳಿ ಒಳಹೋಗುವ ದ್ವಾರವನ್ನು ನೋಡಿಕೊಳ್ಳುವುದು ಅವರ ಕೆಲಸ. ಅದಕ್ಕೆ ಅವರು ‘ಗಾಳಿಬಾಯಿ’ ಎನ್ನುತ್ತಿದ್ದರು. ನಿವೃತ್ತರಾಗಿ ಊರಿಗೆ ಮರಳಿದ ಮೇಲೂ ಮಾತು ಅಲ್ಲಿಗೇ ಹೋಗುತ್ತಿತ್ತು.

ನಾನು ಚಳ್ಳಕೆರೆಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಲು ಸೇರಿದ ಹೊಸತು. ಒಂದು ಭಾನುವಾರ ಊಟಕ್ಕೆ ಕೂತಾಗ, “ದೊಡ್ಡ ಎಂಜಿನ್ ಹಾಕಿದ್ರೆ ವಿಮಾನ ಜೋರಾಗಿ ಹೋಗ್ತೈತೆ, ಅಷ್ಟೇ ಅಲ್ವಾ?” ಎಂದುಬಿಟ್ಟೆ. ಅಪ್ಪ ತಟ್ಟೆ ಪಕ್ಕಕ್ಕೆ ಸರಿಸಿದರು.

“ಅಷ್ಟೇ ಅಂತೆ! ಪಾಠ ಬೇರೆ ಹೇಳ್ತೀಯಾ? ಶಬ್ದಕ್ಕಿಂತ ಜೋರಾಗಿ ಬರೋ ಗಾಳಿನ ಎಂಜಿನ್ ನುಂಗಾಕಾಗಲ್ಲ ಕಣಮ್ಮ. ಬಾಯಾಗೇ ಅದನ್ನ ನಿಧಾನ ಮಾಡಿ, ಒತ್ತಿ, ಒಳಗೆ ಬಿಡ್ಬೇಕು.”

ಎಡಗೈಯನ್ನು ಕೊಳವೆ ಮಾಡಿ, ಅದರೊಳಗೆ ಬಲ ಮುಷ್ಟಿ ತೂರಿಸಿ ಮುಂದಕ್ಕೆ ಸರಿಸಿದರು. “ಇದು ಮೂತಿಯಾಗಿನ ಶಂಕು. ವೇಗ ಏರಿದಂಗೆ ಮುಂದಕ್ಕೆ ಬರ್ತೈತೆ. ಗಾಳಿ ಮೊದಲು ಬಡಿಯೋದು ಇದರ ತುದಿಗೆ. ಅಲ್ಲಿ ಹುಟ್ಟೋ ಒತ್ತಡದ ಅಲೆ ಬಾಯಿ ಅಂಚಿಗೆ ಸರಿಯಾಗಿ ಕೂರ್ಬೇಕು. ಅಲುಗದ ಬಾಯಿ ಇದ್ರೆ ಒಂದು ವೇಗ ದಾಟಿದ ಮೇಲೆ ಒತ್ತಡ ಪೋಲಾಗ್ತೈತೆ. ಎಂಜಿನ್ ಎಷ್ಟು ದೊಡ್ಡದಿದ್ರೂ ವೇಗ ಅಲ್ಲಿಗೇ ನಿಲ್ತೈತೆ.”

“ಹಂಗಾದ್ರೆ ಈಗಿನವಕ್ಕೆ ಶಂಕು ಯಾಕಿಲ್ಲ?”

“ತೂಕ. ಅಷ್ಟು ವೇಗ ದಿನಾ ಬೇಕಾಗಲ್ಲ. ಒಂದಿಷ್ಟು ಬಿಟ್ಕೊಟ್ಟು ಹಗುರ ಮಾಡ್ಕೊಂಡವ್ರೆ.” ಸ್ವಂತದ್ದೇನೋ ಕಳೆದುಕೊಂಡವರ ಹಾಗೆ ಹೇಳಿದರು.

ಮೂರು ವರ್ಷದ ಹಿಂದೆ ಅಪ್ಪನಿಗೆ ಪಾರ್ಶ್ವವಾಯು ಹೊಡೆಯಿತು. ಬಲಭಾಗ ಬಿದ್ದುಹೋಯಿತು. ಕನ್ನಡ, ಹಿಂದಿ ಎಲ್ಲವೂ ಹೋಗಿ, ಅಜ್ಜಿಯ ಕಾಲದ ಮನೆಮಾತಾದ ತೆಲುಗಿನ ಒಂದೇ ಪದ ಉಳಿಯಿತು: ‘ಕಾದು’. ಅಂದರೆ ‘ಅಲ್ಲ’. ನೀರು ಬೇಕಾ ಎಂದರೂ ಕಾದು, ನೋವೈತಾ ಎಂದರೂ ಕಾದು. ತಿಳಿದು ಹೇಳುತ್ತಾರೋ ಸುಮ್ಮನೆ ಹೇಳುತ್ತಾರೋ ನಮಗೆ ಗೊತ್ತಾಗುತ್ತಿರಲಿಲ್ಲ.

ಒಂದು ಶನಿವಾರ ಬಸ್ಸಿಳಿದು ಬಂದವಳು ಮಂಚದ ಪಕ್ಕ ಕೂತು, ಏನೂ ತೋಚದೆ, “ಅಪ್ಪಾ, ದೊಡ್ಡ ಎಂಜಿನ್ ಇದ್ರೆ ಸಾಕು, ಬಾಯಿ ಹೆಂಗಿದ್ರೂ ನಡೀತೈತೆ” ಎಂದೆ.

ಅಪ್ಪ ಕೆರಳಿದರು. “ಕಾದು! ಕಾದು!” ಎಡಗೈಯನ್ನು ಕೊಳವೆ ಮಾಡಿ ನನ್ನೆದುರು ಹಿಡಿದರು. ಬಲಗೈ ಮೇಲೇಳಲಿಲ್ಲ. ನಾನೇ ನನ್ನ ಮುಷ್ಟಿಯನ್ನು ಒಳಗಿಟ್ಟೆ. ಬೆರಳುಗಳಿಂದ ಅದನ್ನು ಮುಂದಕ್ಕೆ ತಳ್ಳಿದರು.

“ಏನೇ ಅದು, ಬೈತಾವ್ರಾ?” ಒಳಗಿಂದ ಅವ್ವ ಕೂಗಿದಳು.

“ಹೂಂ ಅವ್ವ, ಬೈತಾವ್ರೆ!” ಅಳುತ್ತಲೇ ನಕ್ಕೆ.

ಆಮೇಲೆ ಪ್ರತಿ ಶನಿವಾರವೂ ಒಂದು ತಪ್ಪು ಮಾತು ಹೊತ್ತು ಬರುತ್ತಿದ್ದೆ. ಶಂಕು ಹಿಂದಕ್ಕೆ ಸರಿತೈತೆ ಎಂದರೆ ‘ಕಾದು’. ಸರಿಯಾದದ್ದು ಹೇಳಿದರೆ ಕಣ್ಣು ಮುಚ್ಚಿ ಸುಮ್ಮನಿರುತ್ತಿದ್ದರು. ಒಳಗೆ ಅಪ್ಪ ಇಡಿಯಾಗಿದ್ದಾರೆ ಎಂದು ನಂಬಿದೆ.

ಕಳೆದ ಚಳಿಗಾಲದಲ್ಲಿ ಎರಡನೇ ಸಲ ಹೊಡೆಯಿತು. ಆಸ್ಪತ್ರೆಯಿಂದ ಕರೆತಂದ ಮೇಲೆ ಅದೇ ಮಾತು ಹೇಳಿದೆ: ದೊಡ್ಡ ಎಂಜಿನ್ ಇದ್ರೆ ಸಾಕು. ಅಪ್ಪ ನನ್ನ ಮುಖ ನೋಡಿದರು. ಮೆಲ್ಲಗೆ ನಕ್ಕು, ಹೌದೆಂದು ತಲೆಯಾಡಿಸಿದರು.

ಗಟ್ಟಿಯಾಗಿ ಮತ್ತೆ ಹೇಳಿದೆ. ಮನೆಗೆ ಬಂದ ಅಪರಿಚಿತರ ಮನಸ್ಸು ನೋಯಿಸಬಾರದೆಂಬಂತೆ ಮತ್ತೆ ತಲೆಯಾಡಿಸಿದರು. ಮುಷ್ಟಿ ಚಾಚಿದರೆ ಅದನ್ನು ಬರೀ ಕೈಯೆಂಬಂತೆ ಹಿಡಿದುಕೊಂಡರು.

ಅವ್ವ ಬಾಗಿಲಲ್ಲಿ ನಿಂತಿದ್ದಳು. “ಒಪ್ಕೊಂಡ್ರಾ?” ಎಂದಳು. ಅಪ್ಪನ ಕೈಯೊಳಗೆ ನನ್ನ ಮುಷ್ಟಿ ಬಿಚ್ಚಿದೆ.

“ಬಿಡು. ಇನ್ಮೇಲೆ ಕೇಳ್ಬೇಡ.” ಬಂದು ಮಂಚದ ಆಚೆ ಬದಿಗೆ ಕೂತಳು.

ಅಪ್ಪ ಇನ್ನೆರಡು ತಿಂಗಳು ಇದ್ದರು. ಆ ಶನಿವಾರಗಳಲ್ಲಿ ಬಸ್ಸಿನ ಸುದ್ದಿ, ಕಾಲೇಜಿನ ಸುದ್ದಿ ಹೇಳಿದೆ. ಎಲ್ಲಕ್ಕೂ ಹೌದೆಂದು ತಲೆಯಾಡಿಸಿದರು. ಕಡೆಯ ಆ ದಿನಗಳಲ್ಲಿ ನಾನು ಯಾರೆಂದು ಅವರಿಗೆ ಗೊತ್ತಿತ್ತೇ ಎಂದು ಅವ್ವನನ್ನು ಇನ್ನೂ ಕೇಳಿಲ್ಲ. ಅವ್ವನೂ ಹೇಳಿಲ್ಲ.